ಕ್ರಿಕಟ್, ಕ್ಯಾಮಿಯೊ, ಸ್ಕ್ಯಾನ್‌ಎನ್‌ಕಟ್: ಒತ್ತಕ್ಷರ ಕತ್ತರಿಸಲು ಯಾವುದು?

ಕಂಪ್ಯೂಟರಿನಲ್ಲಿ ಮಾಡಿದ ಆಕಾರವನ್ನು ಬ್ಲೇಡಿನಿಂದ ಕತ್ತರಿಸಿಕೊಡುವ, ಮನೆಯಲ್ಲಿಟ್ಟುಕೊಳ್ಳುವ ಕಟಿಂಗ್ ಮೆಷಿನ್‌ಗಳ ಹೋಲಿಕೆ ಎಲ್ಲೇ ಓದಿದರೂ ಬ್ಲೇಡ್ ಎಷ್ಟು ಗ್ರಾಂ ಒತ್ತಡ ಹಾಕುತ್ತದೆ ಎಂಬಲ್ಲಿಂದಲೇ ಶುರುವಾಗುತ್ತದೆ. ಮೈಸೂರು, ಮಂಡ್ಯದ ಮನೆಗಳಲ್ಲಿ ಆ ಲೆಕ್ಕ ಕೊನೆಗೆ ಬರಬೇಕು. ಇಲ್ಲಿ ಜನ ಕತ್ತರಿಸುವುದು ದಸರಾ ಗೊಂಬೆ ಕೂರಿಸುವಾಗ ಹಿಂದೆ ಕಟ್ಟುವ ಕಾಗದದ ತೋರಣ, ಬಾಗಿಲ ಮೇಲಿನ ಹೆಸರು, ರಂಗೋಲಿ ಅಚ್ಚು, ನಾಮಕರಣದ ಕಾರ್ಡು, ಟಿ ಶರ್ಟಿನ ಮೇಲಿನ ಬರಹ. ಇದ್ಯಾವುದಕ್ಕೂ ನಾಲ್ಕು ಕಿಲೋ ಒತ್ತಡ ಬೇಡ. ಆದರೆ ಇವುಗಳಲ್ಲಿ ಮುಕ್ಕಾಲು ಪಾಲಿಗೆ ಕನ್ನಡ ಅಕ್ಷರ ಬೇಕು. ಮೆಷಿನ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಅಲ್ಲೇ.

ಪರೀಕ್ಷೆಗೆ ಆರಿಸಿಕೊಂಡ ಸಾಲು ‘ಶ್ರೀ ಚಾಮುಂಡೇಶ್ವರಿ ಪ್ರಸನ್ನ’. ಊರಿನ ಅರ್ಧ ಗಾಡಿಗಳ ಮೇಲಿರುವ ಸಾಲು ಎನ್ನುವುದೊಂದು, ಕಷ್ಟಗಳೆಲ್ಲ ಒಂದೇ ಕಡೆ ಸಿಗುತ್ತವೆ ಎನ್ನುವುದು ಇನ್ನೊಂದು: ಸೊನ್ನೆ ಇದೆ, ದೀರ್ಘ ಇದೆ, ‘ಶ್ವ’ ಮತ್ತು ‘ನ್ನ’ದ ಒತ್ತುಗಳು ಕೆಳಗೆ ಬೇರೆಯಾಗಿ ನಿಲ್ಲುತ್ತವೆ, ‘ರಿ’ಗೆ ಮುಚ್ಚಿದ ಹೊಟ್ಟೆ ಇದೆ. ಈ ಒಂದೇ ಫೈಲನ್ನು ವಿನೈಲ್ (ಹಿಂದೆ ಅಂಟಿರುವ ಪ್ಲಾಸ್ಟಿಕ್ ಹಾಳೆ), 250 ಜಿಎಸ್‌ಎಂ ಕಾರ್ಡ್‌ಶೀಟ್ ಮತ್ತು ಅಚ್ಚು ಮಾಡುವ ಪ್ಲಾಸ್ಟಿಕ್ ಹಾಳೆ, ಮೂರರ ಮೇಲೂ ಹಾಕಿ ನೋಡಿದರೆ ಯಾವ ಮೆಷಿನ್ ಯಾರಿಗೆ ಎಂಬುದು ತಿಳಿಯುತ್ತದೆ.

ಮೆಷಿನ್‌ಗಿಂತ ಮೊದಲು ಫೈಲಿನ ಮಾತು. ಕಟಿಂಗ್ ಸಾಫ್ಟ್‌ವೇರ್‌ನ ಟೆಕ್ಸ್ಟ್ ಪೆಟ್ಟಿಗೆಯಲ್ಲಿ ನೇರವಾಗಿ ಯೂನಿಕೋಡ್ ಕನ್ನಡ ಟೈಪ್ ಮಾಡಿ, ತೆರೆಯ ಮೇಲೆ ಬಂದದ್ದನ್ನು ನಂಬಬೇಡಿ. ಒತ್ತು ಕೂಡದೆ ಅಕ್ಷರದ ಪಕ್ಕದಲ್ಲಿ ಬಿದ್ದಿರಬಹುದು, ಗುಡಿಸು ಎತ್ತಲೋ ಹೋಗಿರಬಹುದು. ಬದಲಿಗೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ಸಾಫ್ಟ್‌ವೇರ್‌ನಲ್ಲಿ ಸಾಲನ್ನು ಟೈಪ್ ಮಾಡಿ, ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಕೊಡಿ. ಆಮೇಲೆ ಗುಂಪು ಬಿಡಿಸಿ, ಎಲ್ಲವನ್ನೂ ಆಯ್ದು ‘ಯೂನಿಯನ್’ ಕೊಡಿ. ಈ ಕೊನೆಯ ಹೆಜ್ಜೆ ಬಿಟ್ಟರೆ ತಲೆಕಟ್ಟು ಅಕ್ಷರದ ಮೈಗೆ ತಾಗುವ ಕಡೆಯಲ್ಲೆಲ್ಲ ಎರಡು ಗೆರೆ ಒಂದರ ಮೇಲೊಂದು ಉಳಿದು, ಬ್ಲೇಡ್ ಅಕ್ಷರದ ಒಳಗೇ ಅಡ್ಡ ಸೀಳುತ್ತದೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟುಗಳಲ್ಲಿ ಪ್ರತಿ ತುಂಡೂ ಬೇರೆ ಬೇರೆ ಕೀಲಿಯಂತೆ ಕೂತಿರುವುದರಿಂದ ಅವು ಕಟಿಂಗ್ ಸಾಫ್ಟ್‌ವೇರ್‌ನಲ್ಲೂ ಸರಿಯಾಗಿಯೇ ಕಾಣುತ್ತವೆ. ಆದರೆ ಅಲ್ಲಿ ‘ವೆಲ್ಡ್’ (ಯೂನಿಯನ್‌ನಂತೆಯೇ ತುಂಡುಗಳನ್ನು ಒಂದಾಗಿಸುವುದು) ಮಾಡದಿದ್ದರೆ ಇದೇ ಅಡ್ಡ ಸೀಳು ಇನ್ನೂ ಹೆಚ್ಚು.

ಫಾಂಟ್ ದಪ್ಪಗಿರಲಿ. ಬಾಲೂ ತಮ್ಮ 2 ಈ ಕೆಲಸಕ್ಕೆಂದೇ ಮಾಡಿದಂತಿದೆ; ತೆಳು ಗೆರೆಯ ಸೆರಿಫ್ ಫಾಂಟುಗಳು ಪುಸ್ತಕಕ್ಕೆ ಚೆಂದ, ಬ್ಲೇಡಿಗಲ್ಲ. ವಿನೈಲ್‌ನಲ್ಲಿ ಅಕ್ಷರದ ಮೈ 15 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಹೆಚ್ಚುವರಿ ವಿನೈಲ್ ಕೀಳುವಾಗ ಒತ್ತುಗಳು ಅದರ ಜೊತೆಯಲ್ಲೇ ಎದ್ದು ಬರುತ್ತವೆ.

ಈಗ ಕ್ರಿಕಟ್. ಎಕ್ಸ್‌ಪ್ಲೋರ್ 3 ಮತ್ತು ಮೇಕರ್ 3 ಎರಡೂ 2021ರಲ್ಲಿ ಬಂದವು, ಎರಡಕ್ಕೂ 12 ಇಂಚಿನ ಮ್ಯಾಟ್ (ಹಾಳೆಯನ್ನು ಹಿಡಿದಿಡುವ ಅಂಟುಚಾಪೆ). ಎಕ್ಸ್‌ಪ್ಲೋರ್‌ನ ಒತ್ತಡ ಸುಮಾರು 400 ಗ್ರಾಂ, ಮೇಕರ್‌ನದು 4 ಕಿಲೋ. ವಿನೈಲ್ ಮತ್ತು ಕಾರ್ಡ್‌ಶೀಟ್‌ನಲ್ಲಿ ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಸಾಮಾನಿನ ಹೆಸರು ಆರಿಸಿದರೆ ಒತ್ತಡ ತಾನೇ ಹೊಂದಿಕೊಳ್ಳುತ್ತದೆ, ಹೊಸಬರಿಗೆ ಇದೇ ದೊಡ್ಡ ಅನುಕೂಲ. ಕ್ರಿಕಟ್‌ನ ಸಾಫ್ಟ್‌ವೇರ್ ಡಿಸೈನ್ ಸ್ಪೇಸ್, ಚಿತ್ರವನ್ನು ಗೆರೆಗಳಾಗಿ ಉಳಿಸಿದ ಎಸ್‌ವಿಜಿ ಫೈಲನ್ನು ದುಡ್ಡಿಲ್ಲದೆ ತೆಗೆದುಕೊಳ್ಳುತ್ತದೆ, ಇಂಕ್‌ಸ್ಕೇಪ್‌ನಿಂದ ಬಂದವರಿಗೆ ದಾರಿ ಸಲೀಸು. ಅಪ್‌ಲೋಡ್ ಆದ ಮೇಲೆ ಅಗಲ, ಎತ್ತರ ಒಮ್ಮೆ ನೋಡಿಕೊಳ್ಳಿ. ಇನ್ನೊಂದು ಮುಖ್ಯ ಗುಂಡಿ ‘ಅಟ್ಯಾಚ್’, ತುಂಡುಗಳನ್ನು ಇದ್ದ ಜಾಗದಲ್ಲೇ ಹಿಡಿದಿಡುವುದು ಇದೇ. ಇದನ್ನು ಒತ್ತದೆ, ತುಂಡುಗಳು ಬೇರೆ ಬೇರೆ ಪದರದಲ್ಲಿದ್ದರೆ ಸಾಫ್ಟ್‌ವೇರ್ ಕಾಗದ ಉಳಿಸಲೆಂದು ಅವನ್ನು ತನಗೆ ತೋಚಿದ ಜಾಗಕ್ಕೆ ಸರಿಸಿಬಿಡುತ್ತದೆ. ಇಂಗ್ಲಿಷ್ ಅಕ್ಷರವಾದರೆ ಮತ್ತೆ ಜೋಡಿಸಬಹುದು. ಯಾವ ಒತ್ತು ಯಾವ ಅಕ್ಷರದ ಕೆಳಗಿನದು, ಎಷ್ಟು ಕೆಳಗೆ ಎಂದು ಮ್ಯಾಟಿನ ಮೇಲೆ ಹುಡುಕುತ್ತ ಕೂರುವುದು ಯಾರಿಗೂ ಬೇಡ.

ಕ್ರಿಕಟ್‌ಗೆ ಇರುವ ಷರತ್ತು ಇಂಟರ್‌ನೆಟ್ ಮತ್ತು ಖಾತೆ. ಮೊದಲೇ ಇಳಿಸಿಕೊಂಡ ಪ್ರಾಜೆಕ್ಟ್‌ಗಳನ್ನು ಆಫ್‌ಲೈನ್‌ನಲ್ಲಿ ಕತ್ತರಿಸಬಹುದು, ಉಳಿದಂತೆ ಸಂಪರ್ಕ ಬೇಕು. 2021ರಲ್ಲಿ ಕಂಪನಿಯು ಉಚಿತ ಖಾತೆಗೆ ತಿಂಗಳಿಗೆ 20 ಅಪ್‌ಲೋಡ್ ಎಂಬ ಮಿತಿ ಹಾಕುವುದಾಗಿ ಹೇಳಿ, ಬಳಕೆದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಮೆಷಿನ್ ನಮ್ಮದಾದರೂ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುತ್ತದೆ ಎಂಬುದನ್ನು ತಿಳಿದೇ ಕೊಳ್ಳಬೇಕು. ಮೈಸೂರಿನ ಬಡಾವಣೆಗಳಲ್ಲಿ ಫೈಬರ್ ಇರುವವರಿಗೆ ಇದು ಲೆಕ್ಕಕ್ಕಿಲ್ಲ. ಮೊಬೈಲ್ ಡೇಟಾ ಮೇಲೆ ನಡೆಯುವ ಹಳ್ಳಿಮನೆಯಲ್ಲಿ ಲೆಕ್ಕಕ್ಕಿದೆ.

ಮೇಕರ್‌ಗೆ ಹೆಚ್ಚು ದುಡ್ಡು ಕೊಡಬೇಕಾದದ್ದು ಎರಡೇ ಕಾರಣಕ್ಕೆ. ಒಂದು, ಬಟ್ಟೆ. ರೋಟರಿ ಬ್ಲೇಡ್ ಚಕ್ರದಂತೆ ಉರುಳಿ ಕತ್ತರಿಸುವುದರಿಂದ ಹಿಂದೆ ಅಂಟುಹಾಳೆ ಹಚ್ಚದೆಯೇ ಹತ್ತಿಬಟ್ಟೆ ಕತ್ತರಿಸಬಹುದು, ಆದರೆ ಮುಕ್ಕಾಲು ಇಂಚಿಗಿಂತ ಚಿಕ್ಕ ಆಕಾರ ಅದಕ್ಕೆ ಒಗ್ಗದು. ಎರಡು, ದಪ್ಪ ರಟ್ಟು. ನೈಫ್ ಬ್ಲೇಡ್ 2.4 ಮಿಲಿಮೀಟರ್‌ವರೆಗೆ ಹೋಗುತ್ತದೆ. ಇದರಲ್ಲಿ ಕೆಲಸ ನಿಧಾನ. ಒಂದೇ ಗೆರೆಯ ಮೇಲೆ ಹತ್ತಾರು ಸಲ ಓಡುತ್ತದೆ. ರಟ್ಟಿನ ಅಗಲ 11 ಇಂಚಿಗೆ ನಿಲ್ಲಲಿ, ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ರೋಲರ್ ಮೇಲಿನ ಬಿಳಿ ನಕ್ಷತ್ರ ಚಕ್ರಗಳನ್ನು ಬಲತುದಿಗೆ ಸರಿಸಿ. ಸರಿಸದಿದ್ದರೆ ರಟ್ಟಿನ ಉದ್ದಕ್ಕೂ ಹಲ್ಲಿನ ಗುರುತು. ಗಂಜೀಫಾ ಆಟದ ಎಲೆಗಳಂಥ ದುಂಡು ಕಾರ್ಡ್‌ಗಳನ್ನು ಗಟ್ಟಿ ರಟ್ಟಿನಲ್ಲಿ ಮಾಡಬೇಕೆನ್ನುವವರಿಗೆ ಮೇಕರ್ ಸರಿ. 300 ಜಿಎಸ್‌ಎಂ ಕಾರ್ಡ್ ಸಾಕೆನ್ನುವವರಿಗೆ ಎಕ್ಸ್‌ಪ್ಲೋರ್ ಸಾಕು. ಕ್ರಿಕಟ್ ಜಾಯ್‌ನ ಮ್ಯಾಟ್ 4.5 ಇಂಚು, ಡಬ್ಬಿಗೆ ಚೀಟಿ ಅಂಟಿಸಲು ಚೆನ್ನ.

ಸಿಲೂಯೆಟ್ ಕ್ಯಾಮಿಯೊ 4ಕ್ಕೂ 12 ಇಂಚು. ಇದರಲ್ಲಿ ಎರಡು ಬ್ಲೇಡ್ ಹಿಡಿಗಳಿವೆ: ಮೊದಲನೆಯದರ ಒತ್ತಡ 210 ಗ್ರಾಂ, ಎರಡನೆಯದು 5 ಕಿಲೋ. ಮೊದಲ ಹಿಡಿಯ ಆಟೋಬ್ಲೇಡ್ ದಿನನಿತ್ಯದ ವಿನೈಲ್, ಕಾಗದಕ್ಕೆ. ಎರಡನೆಯದರಲ್ಲಿ ರೋಟರಿ ಬ್ಲೇಡ್ ಅಥವಾ 2 ಮಿಲಿಮೀಟರ್‌ನ ಕ್ರಾಫ್ಟ್ ಬ್ಲೇಡ್ ಕೂರುತ್ತದೆ. ಸುರುಳಿ ವಿನೈಲ್ ಹಿಡಿಯುವ ಫೀಡರ್ ಮೆಷಿನ್‌ನಲ್ಲೇ ಇರುವುದು ಮೇಲ್ನೋಟಕ್ಕೆ ಸಣ್ಣ ಸಂಗತಿ, ಉದ್ದ ತೋರಣ ಕತ್ತರಿಸುವಾಗ ದೊಡ್ಡದು.

ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋ ನಮ್ಮ ಕಂಪ್ಯೂಟರ್‌ನಲ್ಲೇ ಕೂರುತ್ತದೆ, ನೆಟ್ ಇಲ್ಲದೆ ಓಡುತ್ತದೆ. ಆದರೆ ಉಚಿತ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಡಿಸೈನರ್ ಎಡಿಷನ್ ಹಾಕಿಸಬೇಕು. ಕೊಡದೆಯೂ ಎರಡು ದಾರಿಗಳಿವೆ. ಇಂಕ್‌ಸ್ಕೇಪ್‌ನಿಂದ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಫೈಲಾಗಿ ಉಳಿಸುವುದು ಒಂದು: ಉಳಿಸುವಾಗ ಅಳತೆಯ ಮಾನ ಮಿಲಿಮೀಟರ್ ಎಂದು ಆರಿಸಿ, ತೆರೆದ ಮೇಲೆ ಸಾಲಿನ ಉದ್ದ ಸರಿಯಿದೆಯೇ ನೋಡಿ. ಇನ್ನೊಂದು, ಇಂಕ್‌ಸ್ಕೇಪ್‌ಗೇ ಸಿಗುವ ಉಚಿತ ಸಿಲೂಯೆಟ್ ಎಕ್ಸ್‌ಟೆನ್ಷನ್. ಅದನ್ನು ಹಾಕಿಕೊಂಡರೆ ಕನ್ನಡ ಟೈಪ್ ಮಾಡಿದ ಕಿಟಕಿಯಿಂದಲೇ ಮೆಷಿನ್‌ಗೆ ಕಳಿಸಬಹುದು, ಲಿನಕ್ಸ್‌ನಲ್ಲೂ ನಡೆಯುತ್ತದೆ. ಫೈಲ್ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ದಾಟುವಾಗ ಆಗುವ ಅಳತೆಯ ಗೊಂದಲ, ಪದರ ಚೆದುರುವ ಗೊಂದಲ ಎರಡೂ ಇಲ್ಲಿ ಇಲ್ಲ. ಕನ್ನಡ ಬರಹವೇ ಮುಖ್ಯ ಕೆಲಸವಾಗಿರುವವರಿಗೆ ಕ್ಯಾಮಿಯೊ ಹೇಳುವುದು ಈ ಕಾರಣಕ್ಕೆ, ಮೆಷಿನ್‌ನ ಮೈಕಟ್ಟು ನೋಡಿ ಅಲ್ಲ. ಎ4 ಅಗಲದೊಳಗೆ ಕೆಲಸ ಮುಗಿಯುವುದಾದರೆ 8 ಇಂಚಿನ ಪೋರ್ಟ್ರೇಟ್ 3ರಲ್ಲೂ ಇದೇ ಅನುಕೂಲ.

ಬ್ರದರ್ ಸ್ಕ್ಯಾನ್‌ಎನ್‌ಕಟ್ ಎಸ್‌ಡಿಎಕ್ಸ್ ಬೇರೆ ಜಾತಿಯದು. ಒಳಗೇ ಸ್ಕ್ಯಾನರ್ ಇದೆ, ಮೇಲೆ ಟಚ್ ಸ್ಕ್ರೀನ್ ಇದೆ, ಕಂಪ್ಯೂಟರ್ ಬೇಕೇ ಬೇಕೆಂದಿಲ್ಲ. ಬ್ಲೇಡ್ ಸಾಮಾನಿನ ದಪ್ಪವನ್ನು ತಾನೇ ಅಳೆದು ಇಳಿಯುತ್ತದೆ, 3 ಮಿಲಿಮೀಟರ್ ದಪ್ಪದವರೆಗೆ. ಇಂಕ್‌ಸ್ಕೇಪ್‌ನ ಎಸ್‌ವಿಜಿಯನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಓದುತ್ತದೆ. ಇದರ ನಿಜವಾದ ಬೆಲೆ ಗೊತ್ತಾಗುವುದು ರಂಗೋಲಿ ಹಾಕುವ ಕೈ ಇರುವ ಮನೆಯಲ್ಲಿ. ಬಿಳಿ ಹಾಳೆಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಬರೆದು ಸ್ಕ್ಯಾನ್ ಮಾಡಿದರೆ ಗೆರೆಯ ಎರಡೂ ಅಂಚನ್ನು ಹಿಡಿದು ಕತ್ತರಿಸುತ್ತದೆ. ಬೇರೆ ಕೆಲಸದಲ್ಲಿ ಈ ಜೋಡಿಗೆರೆ ತಲೆನೋವು. ಅಚ್ಚಿನಲ್ಲಿ ಅದೇ ಪುಡಿ ಇಳಿಯುವ ಸೀಳಾಗುತ್ತದೆ. ಪೆನ್ಸಿಲ್ ಗೆರೆ, ಛಾಯೆ, ಹಳದಿ ಬಿದ್ದ ಕಾಗದ ಆಗದು.

ರಂಗೋಲಿ ಅಚ್ಚಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕೆಡುವುದು ಇಲ್ಲೇ ಜಾಸ್ತಿ. ಮುಚ್ಚಿದ ಸುತ್ತು ಬಂದಲ್ಲೆಲ್ಲ ಒಳತುಂಡು ಕಳಚಿ ಬೀಳುತ್ತದೆ. ಎಳೆ ರಂಗೋಲಿಯಲ್ಲಿ ಚುಕ್ಕಿ ಸುತ್ತುವ ಪ್ರತಿ ಎಳೆಯೂ ಮುಚ್ಚಿದ ಸುತ್ತೇ. ಹಾಗಾಗಿ ಪ್ರತಿ ಸುತ್ತಿಗೆ ಕನಿಷ್ಠ ಎರಡು ಕಡೆ 2 ಮಿಲಿಮೀಟರ್ ಅಗಲದ ಕೊಂಡಿ ಬಿಡಬೇಕು, ಎದುರುಬದುರಾಗಿ. ಒಂದೇ ಕಡೆ ಬಿಟ್ಟರೆ ಒಳತುಂಡು ತೊಟ್ಟಿಲಾಡುತ್ತದೆ. ಪುಡಿ ಸಲೀಸಾಗಿ ಇಳಿಯಲು ಸೀಳು 3 ಮಿಲಿಮೀಟರ್ ಇರಲಿ. ಅಕ್ಷರದ ಅಚ್ಚಿಗೂ ಇದೇ ನಿಯಮ: ರ, ಠಗಳ ಹೊಟ್ಟೆಗೆ, ಸೊನ್ನೆಯ ಒಳಗಿಗೆ ಕೊಂಡಿ. ಕೇಕಿನ ಮೇಲೆ ಸಿಗಿಸುವ ಕಾರ್ಡ್ ಬರಹಕ್ಕೆ ಇದರ ತದ್ವಿರುದ್ಧ: ಅಲ್ಲಿ ಹೊಟ್ಟೆ ಬಿದ್ದರೆ ಒಳ್ಳೆಯದು, ಒತ್ತು ಬೀಳಬಾರದು. ‘ಹುಟ್ಟುಹಬ್ಬ’ದ ಎರಡು ಒತ್ತುಗಳನ್ನೂ ಮೇಲಿನ ಅಕ್ಷರಕ್ಕೆ ತಾಗುವಷ್ಟು ಎತ್ತಿ ಯೂನಿಯನ್ ಮಾಡಿ, ಸಾಲಿನ ಕೆಳಗೊಂದು ಪಟ್ಟಿ ಕೊಡಿ.

ಅಚ್ಚಿನ ಹಾಳೆಯ ಆಯ್ಕೆ: ಓಎಚ್‌ಪಿ (ತೆಳು ಪಾರದರ್ಶಕ) ಹಾಳೆ ಒಂದು ಹಬ್ಬಕ್ಕೆ ಸರಿ, ಆಮೇಲೆ ಸುರುಟುತ್ತದೆ. 190 ಮೈಕ್ರಾನ್ ಪಾಲಿಯೆಸ್ಟರ್ ಹಾಳೆ ವರ್ಷಗಟ್ಟಲೆ ಬರುತ್ತದೆ. ಅದಕ್ಕೆ ನಿಧಾನ ವೇಗ, ಒಂದೇ ಗೆರೆಗೆ ಎರಡು ಓಟ; ಕ್ರಿಕಟ್ ಆದರೆ 60 ಡಿಗ್ರಿಯ ಡೀಪ್ ಬ್ಲೇಡ್. ಈ ಹಾಳೆ ಕತ್ತರಿಸುವುದು ಮೂರು ಮೆಷಿನ್‌ಗಳಿಗೂ ಸಾಧ್ಯ.

ಮಳೆಗಾಲದ ಸಂಗತಿ ಮೆಷಿನ್ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ದಸರೆಗೆ ಬೇಕಾದದ್ದನ್ನು ಕತ್ತರಿಸುವುದು ಶ್ರಾವಣ, ಭಾದ್ರಪದದಲ್ಲಿ. ಆಗ ಕಾರ್ಡ್‌ಶೀಟ್ ತೇವ ಹೀರಿ ಮೆತ್ತಗಾಗಿರುತ್ತದೆ, ಬ್ಲೇಡ್ ತಿರುಗುವ ಮೂಲೆಗಳಲ್ಲಿ ನಾರು ಎದ್ದು ಹರಿಯುತ್ತದೆ. ಒತ್ತಡ ಹೆಚ್ಚಿಸಿದರೆ ಇನ್ನೂ ಹರಿಯುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಚೀಟಿ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ, ವೇಗ ಇಳಿಸಿ. ಬ್ಲೇಡ್ ತುದಿಯಲ್ಲಿ ಕಾಗದದ ನೂಲು ಸಿಕ್ಕಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆಗೆ ನಾಲ್ಕೈದು ಸಲ ಚುಚ್ಚಿ ತೆಗೆಯಿರಿ. ಕತ್ತರಿಸಿದ ಮೇಲೆ ಕಾರ್ಡನ್ನು ಮ್ಯಾಟಿನಿಂದ ಎಳೆಯಬೇಡಿ, ಸುರುಳಿಯಾಗುತ್ತದೆ. ಮ್ಯಾಟನ್ನು ಬೋರಲು ಹಾಕಿ, ಮ್ಯಾಟನ್ನೇ ಬಗ್ಗಿಸಿ ಎಬ್ಬಿಸಿ. ಅಂಟು ಕಡಿಮೆಯಾದ ಮ್ಯಾಟನ್ನು ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಆರಿಸಿದರೆ ಸಾಕಷ್ಟು ಮರಳುತ್ತದೆ. ಬಟ್ಟೆ ಕತ್ತರಿಸುವ ಕ್ರಿಕಟ್‌ನ ಗುಲಾಬಿ ಮ್ಯಾಟನ್ನು ಮಾತ್ರ ಕೈಯಿಂದಲೂ ಮುಟ್ಟಬೇಡಿ, ಬೆರಳಿನ ಜಿಡ್ಡಿಗೇ ಅಂಟು ಹೋಗುತ್ತದೆ.

ಕರೆಂಟ್ ಹೋದರೆ ಕೆಲಸ ಹೋದಂತೆಯೇ. ಮೆಷಿನ್ ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಕ್ರಿಕಟ್ ಎಕ್ಸ್‌ಪ್ಲೋರ್, ಮೇಕರ್‌ಗಳ ಅಡಾಪ್ಟರ್ 18 ವೋಲ್ಟ್, 3 ಆಂಪಿಯರ್, ಅಂದರೆ 54 ವ್ಯಾಟ್. ಮನೆಯ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ ಕೂರಿಸಿ. ವಿದೇಶದಿಂದ ತರಿಸುವವರು ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ, ಇಲ್ಲಿ ಬ್ಲೇಡ್ ಮತ್ತು ಮ್ಯಾಟ್ ಸಿಗುತ್ತದೆಯೇ ಎಂದೂ.

ಮುದ್ರಿಸಿ ಕತ್ತರಿಸುವ ಸ್ಟಿಕರ್‌ಗಳಲ್ಲಿ ಕ್ರಿಕಟ್ ಮತ್ತು ಕ್ಯಾಮಿಯೊ ಎರಡೂ ಚಿತ್ರದ ಸುತ್ತ ಮುದ್ರಿಸಿದ ಕಪ್ಪು ಗುರುತುಗಳನ್ನು ಬೆಳಕಿನಿಂದ ಓದುತ್ತವೆ. ಹೊಳಪು ಕಾಗದದಲ್ಲಿ ಗುರುತು ಸಿಗದಿದ್ದರೆ ಆ ಜಾಗದ ಮೇಲಷ್ಟೇ ಹೊಳಪಿಲ್ಲದ ಅರೆಪಾರದರ್ಶಕ ಟೇಪ್ ಅಂಟಿಸಿ, ಕಿಟಕಿಯ ಬಿಸಿಲು ಮೆಷಿನ್ ಮೇಲೆ ಬೀಳದಂತೆ ನೋಡಿಕೊಳ್ಳಿ.

ಇವುಗಳ ಬದಲು ಬೆಳಕಿನಿಂದ ಸುಟ್ಟು ಕತ್ತರಿಸುವ ಡಯೋಡ್ ಲೇಸರ್ ಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. ಮರ, ರಟ್ಟಿಗೆ ಅದು ಚುರುಕು. ಆದರೆ ಅದರ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್ ದಾಟಿಹೋಗುತ್ತದೆ, ಕತ್ತರಿಸದು. ವಿನೈಲ್ ಅಂದರೆ ಪಿವಿಸಿ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಮನುಷ್ಯರಿಗೂ ಯಂತ್ರಕ್ಕೂ ಕೇಡು. ಮಕ್ಕಳಿರುವ ಮನೆಯ ಹಜಾರಕ್ಕೆ ಬ್ಲೇಡಿನ ಮೆಷಿನ್ನೇ ವಾಸಿ.

ವರ್ಷಕ್ಕೆ ಎರಡು ಮೂರು ಸಲ ವಿನೈಲ್ ಅಕ್ಷರ ಬೇಕಾಗುವವರು ಯಾವುದನ್ನೂ ಕೊಳ್ಳಬೇಡಿ, ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಗೆ ಹೋಗಿ. ಅಲ್ಲಿನ ಪ್ಲಾಟರ್ ಎಂಬ ದೊಡ್ಡ ಕಟಿಂಗ್ ಮೆಷಿನ್‌ಗೆ 24 ಇಂಚಿನ ಸುರುಳಿ ಹಿಡಿಯುತ್ತದೆ, ಇಲ್ಲಿ ಹೇಳಿದ ಯಾವ ಮೆಷಿನ್‌ಗೂ ಆ ಅಗಲವಿಲ್ಲ. ಅವರು ಕೋರೆಲ್‌ಡ್ರಾ ಬಳಸುವುದರಿಂದ ಅಕ್ಷರಗಳನ್ನು ಕರ್ವ್ (ಇಂಕ್‌ಸ್ಕೇಪ್‌ನ ಪಾತ್) ಮಾಡಿ, ಯೂನಿಯನ್ ಮಾಡಿದ ಪಿಡಿಎಫ್ ಒಯ್ಯಿರಿ. ಬರೀ ಟೆಕ್ಸ್ಟ್ ಕೊಟ್ಟರೆ ನಿಮ್ಮ ಫಾಂಟ್ ಅವರಲ್ಲಿರದೆ ಬೇರೇನೋ ಬರುತ್ತದೆ. ಮೆಷಿನ್ ಕೊಂಡವರಿಗೂ ಆ ಅಂಗಡಿ ಬೇಕು: 24 ಇಂಚಿನ ವಿನೈಲನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ನಡುವೆ ಸೀಳಿಸಿಕೊಂಡು ಬಂದರೆ 12 ಇಂಚಿನ ಮ್ಯಾಟಿಗೆ ಸರಿಯಾಗಿ ಕೂರುವ ಎರಡು ಸುರುಳಿ ಸಿಗುತ್ತದೆ.