ಮೂರು ಸಲ ಗೇರ್‌ಬಾಕ್ಸ್ ಇಳಿಸಿದ ಗಾಡಿ: 97,000 ಕಿಮೀ ಆದ್ಮೇಲೆ ನನ್ನ ಅನುಭವ

2017ರಲ್ಲಿ ತಗೊಂಡ ಡೀಸೆಲ್ ಹ್ಯಾಚ್‌ಬ್ಯಾಕ್, 5 ಸ್ಪೀಡ್ ಮ್ಯಾನ್ಯುವಲ್. ಕಂಪನಿ ಹೆಸರು ಬೇಡ, ಹೇಳಿದ್ರೆ ಅದೇ ಗಾಡಿ ಇಟ್ಕೊಂಡೋರು ಜಗಳಕ್ಕೆ ಬರ್ತಾರೆ. ಇಂಜಿನ್ ಬಗ್ಗೆ ಒಂದು ಮಾತಾಡಂಗಿಲ್ಲ, ಹೈವೇಲಿ ಈಗ್ಲೂ ಲೀಟರಿಗೆ 21 ಕೊಡುತ್ತೆ, ಏಸಿ ಚೆನ್ನಾಗಿದೆ. ನನ್ನ ಗೋಳೆಲ್ಲಾ ಕ್ಲಚ್ಚಿಂದು, ಇಂಜಿನ್ನೂ ಗೇರ್‌ಬಾಕ್ಸೂ ಸೇರಿಸಿ ಬಿಡಿಸೋ ಭಾಗ ಅದು, ಅದನ್ನ ಬದಲಾಯಿಸ್ಬೇಕಂದ್ರೆ ಗೇರ್‌ಬಾಕ್ಸ್ ಇಳಿಸ್ಲೇಬೇಕು.

ಮೊದಲನೇ ಸಲ 41,000ಕ್ಕೆ. ಮಂಗಳೂರಿಂದ ವಾಪಸ್ ಬರ್ತಾ ಗುಂಡ್ಯ ದಾಟಿ ಶಿರಾಡಿ ಹತ್ತೋವಾಗ ಥರ್ಡ್ ಗೇರಲ್ಲಿ ಎಷ್ಟು ತುಳಿದ್ರೂ ಆರ್‌ಪಿಎಂ ಮುಳ್ಳು 3000 ದಾಟಿ ಹೋಗ್ತಿದೆ, ಸ್ಪೀಡು ಮಾತ್ರ 40ರಲ್ಲೇ ಕೂತಿದೆ. ಹಿಂದಿನ ಸೀಟಿಂದ ಅಮ್ಮ "ಯಾರೋ ಟೈರ್ ಸುಡ್ತಿದಾರೆ ಕಣೋ, ಗ್ಲಾಸ್ ಏರ್ಸು" ಅಂದ್ರು. ಹಿಡಿತ ಸಿಗದೆ ಜಾರಿ ಸುಡ್ತಿದ್ದಿದ್ದು ನಮ್ಮದೇ ಕ್ಲಚ್ ಪ್ಲೇಟು. ಸರ್ವಿಸ್ ಸೆಂಟರಲ್ಲಿ "ಸಾರ್ ನೀವು ಪೆಡಲ್ ಅರ್ಧ ತುಳ್ಕೊಂಡೇ ಹಾಫ್ ಕ್ಲಚ್ಚಲ್ಲಿ ಓಡಿಸ್ತೀರಾ, ಸವೆಯೋ ಪಾರ್ಟಿಗೆ ವಾರಂಟಿ ಬರಲ್ಲ" ಅಂದ್ರು. ದಿನಾ ಸಿಲ್ಕ್ ಬೋರ್ಡ್ ದಾಟೋನು ನಾನು, ಇರಬಹುದೇನೋ ಅಂದ್ಕೊಂಡು ಪ್ಲೇಟು, ಪ್ರೆಷರ್ ಪ್ಲೇಟು, ಲೇಬರ್ ಎಲ್ಲಾ ಸೇರಿ 19 ಸಾವಿರ ಕಟ್ಟಿ ಬಂದೆ.

58,000 ಹತ್ರ ಬೇರೆ ರಾಗ. ಪೆಡಲ್ ಸ್ಪಂಜ್ ಥರ ಮೆತ್ತಗಾಯ್ತು. ಇಂಜಿನ್ ಆಫ್ ಮಾಡಿದ್ರೆ ಗೇರು ಬೆಣ್ಣೇಲಿ ಕೂದಲು ಎಳೆದಂಗೆ ಬೀಳುತ್ತೆ, ಆನ್ ಮಾಡಿದ್ರೆ ಫಸ್ಟೂ ಬೀಳಲ್ಲ ರಿವರ್ಸೂ ಬೀಳಲ್ಲ, ಎರಡು ಸಲ ಪಂಪ್ ಮಾಡಿ ತುಳಿದ್ರೆ ಬೀಳುತ್ತೆ. ಅಂದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ, ತೊಂದರೆ ಪೆಡಲ್ ತುಳಿದ ಒತ್ತಡಾನ ಕ್ಲಚ್ಚಿಗೆ ಮುಟ್ಟಿಸೋ ಆಯಿಲ್ ಲೈನಲ್ಲಿ. ಇದು ನಂಗೆ ಆಮೇಲೆ ಗೊತ್ತಾಗಿದ್ದು, ಸರ್ವಿಸ್ ಸೆಂಟರಿನೋರಿಗೆ ಅವತ್ತೇ ಗೊತ್ತಾಗ್ಬೇಕಿತ್ತು. ಎರಡು ಸಲ ಬ್ಲೀಡಿಂಗ್ ಮಾಡಿ "ಏರ್ ಇತ್ತು ತೆಗೆದ್ವಿ" ಅಂತ ಕಳಿಸಿದ್ರು, ಎರಡೇ ವಾರ, ಮತ್ತೆ ಅದೇ ಕಥೆ, ಜೊತೆಗೆ ಫಸ್ಟಲ್ಲಿ ಬಿಡೋವಾಗ ಗಾಡಿ ಗಡಗಡ ನಡುಗೋಕೆ ಶುರು. ಮತ್ತೆ ಗೇರ್‌ಬಾಕ್ಸ್ ಇಳಿಸಿ ಮತ್ತೆ ಹೊಸ ಪ್ಲೇಟು, ಮತ್ತೆ ಅದೇ ಹಾಫ್ ಕ್ಲಚ್ ಪುರಾಣ.

72,000ಕ್ಕೆ ಮೂರನೇ ಸಲ ಹಾಸನದಲ್ಲಿ ಕೈ ಕೊಡ್ತು, ಸದ್ಯ ಅಲ್ಲೇ ಕೊಡ್ತು. ಬೈಪಾಸ್ ಪಕ್ಕದ ಗ್ಯಾರೇಜಿನ ವಯಸ್ಸಾದ ಮೇಸ್ತ್ರಿ ಮೊದಲು ಬಾನೆಟ್ ಎತ್ತಿ ಕೇಳಿದ್ದೇ "ಬ್ರೇಕ್ ಆಯಿಲ್ ಟಾಪಪ್ ಮಾಡ್ಸಿದೀರಾ?" ಅಂತ. ಹೌದು, ಎರಡು ಸಲ ಮಾಡ್ಸಿದ್ದೆ. ನನ್ನ ಗಾಡೀಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಹಾಗಾಗಿ ಆಯಿಲ್ ಇಳೀತಿದೆ ಅಂದ್ರೆ ಕ್ಲಚ್ ಕಡೆನೂ ನೋಡ್ಬೇಕಂತೆ. ಕೆಳಗೆ ನುಗ್ಗಿ ಗೇರ್‌ಬಾಕ್ಸೂ ಇಂಜಿನ್ನೂ ಸೇರೋ ಜಾಗ ಬೆರಳಲ್ಲಿ ಒರೆಸಿ ಮೂಸಿ ನೋಡಿದ್ರು. "ಗೇರ್ ಆಯಿಲ್ ಆಗಿದ್ರೆ ಗಂಧಕದ ನಾತ ಬರ್ತಿತ್ತು ಸಾರ್, ಇದು ಬ್ರೇಕ್ ಆಯಿಲ್ಲು." ಇಳಿಸಿದಾಗ ಪ್ಲೇಟ್ ಕೈಗೆ ಕೊಟ್ರು, ಹಿಡಿತ ಕೊಡೋ ಲೈನಿಂಗ್ ಪದರ ಇನ್ನೂ ದಪ್ಪಕ್ಕಿದೆ, ಒಂದು ಸೈಡ್ ಮಾತ್ರ ಕಪ್ಪಗೆ ಜಿಡ್ಡು. "ಸವೆದಿಲ್ಲ, ಎಣ್ಣೆ ಕುಡಿದಿದೆ" ಅಂದ್ರು.

ಲೀಕ್ ಆಗ್ತಿದ್ದಿದ್ದು ಒಳಗಿನ ಸ್ಲೇವ್ ಸಿಲಿಂಡರ್, ಅಂದ್ರೆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸೋ ಪಾರ್ಟು. ನಮ್ಮ ಗಾಡೀಲಿ ಅದೂ ಕ್ಲಚ್ಚನ್ನ ಒತ್ತೋ ರಿಲೀಸ್ ಬೇರಿಂಗೂ ಒಂದೇ ಪೀಸು, ಗೇರ್‌ಬಾಕ್ಸ್ ಇಳಿಸದೆ ಕಾಣೋದೇ ಇಲ್ಲ. ಎರಡು ಸಲ ಇಳಿಸಿದೋರು ಹಳೇದನ್ನೇ ಬಿಟ್ಟು ಹೊಸ ಪ್ಲೇಟ್ ಹಾಕಿದಾರೆ! ಪಾರ್ಟ್ ರೇಟು 5 ಸಾವಿರದ ಒಳಗೆ. ಹಾಗಾಗಿ ಯಾರಾದ್ರೂ ಕ್ಲಚ್ ಮಾಡಿಸ್ತಾ ಇದ್ರೆ ಈ ಸಿಲಿಂಡರೂ ಬದಲಾಯಿಸಿ ಅಂತ ಜಾಬ್ ಕಾರ್ಡಲ್ಲೇ ಬರೆಸಿ, ಹಳೇ ಪಾರ್ಟ್ ಕೇಳಿ ಇಸ್ಕೊಳಿ.

ಆಮೇಲೆ 25,000 ಓಡಿದೆ, ಪೆಡಲ್ ಹೂವಿನಷ್ಟು ಹಗುರ, ತೊಂದರೆ ಇಲ್ಲ. ಆದ್ರೆ ಕ್ಲಚ್ ಸರಿಯಾಗಿ ಬಿಡದೇ ಇದ್ದಾಗ ಜಬರ್ದಸ್ತಿ ಗೇರ್ ಹಾಕಿದ್ದಕ್ಕೆ ಸೆಕೆಂಡ್ ಗೇರಿನ ಸಿಂಕ್ರೋ ರಿಂಗ್ (ಗೇರ್ ಸದ್ದಿಲ್ಲದೆ ಬೀಳೋ ಹಾಗೆ ವೇಗ ಹೊಂದಿಸೋ ಬಳೆ) ಏಟು ತಿಂದಿದೆ, ಚಳಿಗಾಲದ ಬೆಳಗ್ಗೆ ಕರ್‍ರ್ ಅನ್ನುತ್ತೆ. ಗೇರ್ ಆಯಿಲ್ ಹೊಸದು ಹಾಕಿಸ್ದೆ, ಸ್ವಲ್ಪ ಕಮ್ಮಿ ಆಗಿದೆ ಅಷ್ಟೆ. ನ್ಯೂಟ್ರಲ್ಲಲ್ಲಿ ಒಂದು ಕ್ಷಣ ನಿಲ್ಲಿಸಿ ಹಾಕಿದ್ರೆ ಸದ್ದಿಲ್ಲ. ಅದಕ್ಕೋಸ್ಕರ ನಾಲ್ಕನೇ ಸಲ ಇಳಿಸೋಕೆ ನಂಗೆ ಧೈರ್ಯ ಇಲ್ಲ, ಹೀಗೇ ಓಡಿಸ್ತಿದೀನಿ.