ಘಟ್ಟದ ಮನೆಯಲ್ಲಿ ನ್ಯೂಸ್‌ಆನ್‌ಏರ್ ಆ್ಯಪ್

ಶಿರಸಿಯ ಸುತ್ತ ಗುಡ್ಡ ಅಡ್ಡವಾಗಿ ಎಫ್‌ಎಂ ಕರಕರ ಅನ್ನುವ ಮನೆಗಳಿಗೆ ಪ್ರಸಾರ ಭಾರತಿಯ ಈ ಉಚಿತ ಆ್ಯಪ್ ನಿಜಕ್ಕೂ ವರದಾನ. ಧಾರವಾಡ ಆಕಾಶವಾಣಿ ಸ್ವಚ್ಛವಾಗಿ ಕೇಳುತ್ತದೆ. ಹಿಂದೂಸ್ತಾನಿ ಪ್ರಿಯರಿಗೆ ರಾಗಂ ವಾಹಿನಿಯೊಂದೇ ಸಾಕು. ನೇರ ಪ್ರಸಾರಕ್ಕಿಂತ ಕೆಲವು ಸೆಕೆಂಡು ಹಿಂದಿರುತ್ತದೆ, ಗಡಿಯಾರ ಹೊಂದಿಸಲು ನಂಬಬೇಡಿ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ ಡೇಟಾ.

ಫೋನಿನ ಸ್ಪೀಕರಿನಲ್ಲಿ ತಂಬೂರಿಯ ನಾದ ಸತ್ತೇ ಹೋಗುತ್ತದೆ. 3.5 ಮಿ.ಮೀ. ಪಿನ್ನಿನಿಂದ ಎರಡು ಆರ್‌ಸಿಎ (ಎಡ, ಬಲ ದನಿಯ ದುಂಡು ಪ್ಲಗ್) ಇರುವ ಕೇಬಲ್ ತಂದು ಹಳೆಯ ಆಂಪ್ಲಿಫೈಯರಿನಲ್ಲಿ ಆಕ್ಸ್ (AUX) ಎಂದು ಬರೆದ ತೂತಿಗೆ ಹಾಕಿ. ಫೋನೋ (PHONO) ಎಂದು ಬರೆದ ತೂತಿಗೆ ಹಾಕಿದರೆ ದನಿ ಒಡೆಯುತ್ತದೆ. ಅದು ಗ್ರಾಮಫೋನ್ ಮುಳ್ಳಿನ ಕ್ಷೀಣ ಸಿಗ್ನಲ್ ಹಿಗ್ಗಿಸಲು ಇರುವ ಜಾಗ. ಗುಂಯ್ ಸದ್ದು ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಮಳೆಗಾಲದಲ್ಲಿ ಒಂದೇ ಕಡೆ ದನಿ ಬಂದರೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು: ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ.