ವೀರಗಾಸೆ ತಂಡದವರೇ, ಕತ್ತಿ ಕಟ್ಟಿಕೊಂಡು ಹೊರಡುವ ಮುಂಚೆ ಇದನ್ನು ಓದಿ

2024ರ ಏಪ್ರಿಲ್‌ನಲ್ಲಿ ನಮ್ಮ ವೀರಗಾಸೆ ತಂಡ ಜಾತ್ರೆಯಲ್ಲಿ ಕುಣಿಯಬೇಕಿದ್ದ ಒಂದು ರಾತ್ರಿಯನ್ನು ಪೊಲೀಸ್ ಠಾಣೆಯ ಜಗಲಿಯಲ್ಲಿ ಕಳೆಯಿತು. ತಪ್ಪು ಬಹುಪಾಲು ನಮ್ಮದೇ.

ಆ ವರ್ಷ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ, ನೀತಿ ಸಂಹಿತೆ ಬಂದಿತ್ತು. ನಮಗೆ ಅದರ ಗೊಡವೆ ಇರಲಿಲ್ಲ. ಜಾತ್ರೆ ಕಾಲ ಅಲ್ವಾ, ಕೈತುಂಬ ಕೆಲಸ. ಪಕ್ಕದ ಜಿಲ್ಲೆಗೆ ಎಂಟು ಜನ ಟೆಂಪೊ ಟ್ರಾವೆಲರ್‌ನಲ್ಲಿ ಹೊರಟೆವು. ಸಂಬಾಳ, ಕರಡೆ ವಾದ್ಯಗಳು ಹಿಂದಿನ ಸೀಟಿನಲ್ಲಿ. ಆರು ಕತ್ತಿ ಗೋಣಿಚೀಲದಲ್ಲಿ ಸುತ್ತಿ ಕಾಲಡಿಗೆ.

ಗಡಿಯ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿದರು. ಅವರು ಹುಡುಕುತ್ತಿದ್ದದ್ದು ದುಡ್ಡು, ಸೀರೆ, ಕುಕ್ಕರ್. ಸಿಕ್ಕಿದ್ದು ಕತ್ತಿ.

"ಸ್ವಾಮಿ, ಇದು ದೇವರ ಕತ್ತಿ" ಅಂದರು ನಮ್ಮ ಹಿರಿಯರು.

"ಇರಲಿ ಯಜಮಾನ್ರೇ, ಕಾಗದ ಎಲ್ಲಿ?"

ಕಾಗದ ಇರಲಿಲ್ಲ. ಜಾತ್ರೆ ಸಮಿತಿಯವರು ಫೋನಿನಲ್ಲಿ ಕರೆದಿದ್ದರು, ಅಷ್ಟೇ. ಮೈಮೇಲೆ ಕಾವಿ, ಕೊರಳಲ್ಲಿ ರುದ್ರಾಕ್ಷಿ ಇದ್ದಾಗ ಅದು ವೀರಭದ್ರನ ಕತ್ತಿ. ಪ್ಯಾಂಟು ಹಾಕಿದ ಎಂಟು ಗಂಡಸರ ಕಾಲಡಿ ಸಿಕ್ಕರೆ ಬರೀ ಕತ್ತಿ. ಹುಡುಗನೊಬ್ಬ "ಆಹಾ ರುದ್ರಾ, ಆಹಾ ದೇವಾ" ಅಂತ ಕುಣಿತದ ನಡುವೆ ಹೇಳುವ ಒಡಪು ಹೇಳಿ ತೋರಿಸಿದ. ನಕ್ಕರು, ಬಿಡಲಿಲ್ಲ.

ಆಮೇಲೆ ವಕೀಲರು ತಿಳಿಸಿ ಹೇಳಿದರು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹರಿತವಾದ ಕತ್ತಿಯೂ ಆಯುಧವೇ. ಆಟಿಕೆಗೆ ಬಿಟ್ಟು ಬೇರೇನಕ್ಕೂ ಬಾರದ್ದು, ಆಯುಧವಾಗಿ ಮಾರ್ಪಡಿಸಲೂ ಆಗದ್ದು ಅದರಿಂದ ಹೊರಗೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಲೈಸೆನ್ಸ್ ಇಲ್ಲದೆ ಕತ್ತಿ ಇಟ್ಟುಕೊಂಡರೆ 1ರಿಂದ 3 ವರ್ಷ ಜೈಲಿದೆ. ಇದಲ್ಲದೆ ಚುನಾವಣೆ, ಗಲಾಟೆ ಅಂದಾಗ ಆಯಾ ಊರಲ್ಲಿ ನಿಷೇಧಾಜ್ಞೆ ಬರುತ್ತದೆ. ನಾವೆಲ್ಲ 144 ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ನಂಬರು ಬದಲಾಯಿತು, ಕಾಟ ಅದೇ.

ನಮ್ಮ ಆರರಲ್ಲಿ ಐದು ಮೊಂಡು ಕತ್ತಿ, ತಾತನ ಕಾಲದವು. ಒಂದನ್ನು ಮಾತ್ರ ಹುಡುಗರು ಆನ್‌ಲೈನ್‌ನಲ್ಲಿ ತರಿಸಿ, ಹೊಳೆಯಲಿ ಅಂತ ಸಾಣೆ ಹಿಡಿಸಿದ್ದರು. ಸಾಹೇಬರು ಮೊದಲು ಬೆರಳು ಸವರಿದ್ದು ಅದರ ಮೇಲೆಯೇ! ಅಲ್ಲಿಂದ ಮಾತಿನ ವರಸೆಯೇ ಬದಲಾಯಿತು. ಕುಣಿತಕ್ಕೆ ಹರಿತ ಯಾಕೆ ಬೇಕು ಅಂತ ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿಜಕ್ಕೂ ಬೇಕಾಗಿಲ್ಲ.

ಬೆಳಗ್ಗೆ ಸಮಿತಿಯವರು ಬಂದು ಬರೆದುಕೊಟ್ಟ ಮೇಲೆ ಮುಚ್ಚಳಿಕೆ ಬರೆಸಿಕೊಂಡು ನಮ್ಮನ್ನು ಬಿಟ್ಟರು. ಕತ್ತಿ ಬಿಡಲಿಲ್ಲ. ಅವು ವಾಪಸ್ ಬಂದದ್ದು ಜೂನ್ 4ರ ಮತ ಎಣಿಕೆ ಮುಗಿದ ಮೇಲೆ. ಮುಂಗಡ ಹಿಂದಿರುಗಿಸಿದೆವು. ಮರುವರ್ಷ ಅಲ್ಲಿಗೆ ಬೇರೆ ತಂಡ ಹೋಯಿತು.

ಈಗ ಕರೆದವರಿಂದ ತಾರೀಕು, ಜಾಗ, ಕತ್ತಿಗಳ ಸಂಖ್ಯೆ ಬರೆದ ಪತ್ರ ತರಿಸದೆ ಹೊರಡುವುದಿಲ್ಲ. ಅದರ ಒಂದು ಪ್ರತಿಯನ್ನು ಅಲ್ಲಿನ ಠಾಣೆಗೆ ಮುಂಚೆಯೇ ಕೊಟ್ಟು ಸೀಲು ಹಾಕಿಸಿಕೊಳ್ಳುತ್ತೇವೆ. ಚುನಾವಣೆ ಸಮಯವಾದರೆ ಸುಮ್ನೆ ಮಾಹಿತಿ ಕೊಟ್ಟರೆ ಸಾಲದು, ಲಿಖಿತ ಅನುಮತಿಯೇ ಬೇಕು. ಕತ್ತಿಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ವೇಷದ ಬಟ್ಟೆ ಜೊತೆಗೇ. ಅನುಮತಿ ಸಿಗದಿದ್ದರೆ ಮರದ ಕತ್ತಿಗೆ ಬೆಳ್ಳಿ ಬಣ್ಣ. ಹಿರಿಯರು ಇನ್ನೂ ಅದನ್ನು ಮುಟ್ಟುವುದಿಲ್ಲ.

ವಿಮಾನದಲ್ಲಿ ಹೋಗುವವರು ಕತ್ತಿಯನ್ನು ಕೈಚೀಲದಲ್ಲಿ ಇಡಲೇಬೇಡಿ. ಚೆಕ್-ಇನ್ ಸಾಮಾನಿಗೆ ಹಾಕುವ ಮುಂಚೆಯೂ ವಿಮಾನ ಕಂಪನಿಯವರನ್ನು ಕೇಳಿಕೊಳ್ಳಿ.